ಕೊಳಗ ಮೊದಲು, ಬಹುಮಾನ ಆಮೇಲೆ: ಮಾನವ ಹಕ್ಕು ಸಾಕ್ಷ್ಯಚಿತ್ರೋತ್ಸವಕ್ಕೆ ಜ್ಯೂರಿ ಕಟ್ಟುವ ಬಗೆ

ಶಿವಮೊಗ್ಗದಲ್ಲಿ ನಾಲ್ಕಾರು ಗೆಳೆಯರು ಸೇರಿ ಒಂದು ಪುಟ್ಟ ಸಾಕ್ಷ್ಯಚಿತ್ರೋತ್ಸವ ಮಾಡಿದೆವು. ಮೊದಲ ವರ್ಷ ಜಗಳವಾಗಿದ್ದು ದುಡ್ಡಿಗಲ್ಲ, ಪ್ರೊಜೆಕ್ಟರಿಗಲ್ಲ, ಊಟಕ್ಕೂ ಅಲ್ಲ. ಪ್ರಶಸ್ತಿಗೆ. ಎರಡನೇ ದಿನ ರಾತ್ರಿ ಹನ್ನೊಂದರ ಹೊತ್ತಿಗೆ ಜ್ಯೂರಿ ಕೋಣೆಯಿಂದ ಹೊರಬಂದ ಹಿರಿಯರೊಬ್ಬರು "ಇದು ಜ್ಯೂರಿ ಅಲ್ಲ ಮಾರಾಯ್ರೆ, ಪಂಚಾಯ್ತಿ ಕಟ್ಟೆ" ಎಂದವರೇ ಚಪ್ಪಲಿ ಮೆಟ್ಟಿಕೊಂಡು ಹೊರಟೇಬಿಟ್ಟರು. ತಪ್ಪು ಅವರದ್ದಲ್ಲ, ನಮ್ಮದು. ಯಾವ ಅಳತೆಯಲ್ಲಿ ಅಳೆಯಬೇಕು ಎಂದು ನಾವು ಯಾರಿಗೂ ಹೇಳಿಯೇ ಇರಲಿಲ್ಲ.

ಸಾಗರ ತಾಲೂಕಿನ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು ಸತ್ಯಾಗ್ರಹಕ್ಕೆ ಇಳಿದಾಗ ಇದ್ದ ತಕರಾರುಗಳಲ್ಲಿ ಕೊಳಗದ್ದೂ ಒಂದು. ಗೇಣಿ ಭತ್ತ ಅಳೆದುಕೊಳ್ಳುವ ಕೊಳಗವೇ ದೊಡ್ಡದಾಗಿದ್ದರೆ ಎಷ್ಟು ಬೆಳೆದರೇನು? ಜ್ಯೂರಿ ಕೆಲಸವೂ ಹಾಗೇ. ಚಿತ್ರಗಳು ಬರುವ ಮೊದಲೇ ಕೊಳಗವನ್ನು ನಾಲ್ಕು ಜನರ ಎದುರು ಇಡಬೇಕು. ಮೂರು ವರ್ಷ ಎಡವಿ ಕಲಿತದ್ದನ್ನು ಹೊಸದಾಗಿ ಶುರುಮಾಡುವವರಿಗಾಗಿ ಇಲ್ಲಿ ಬರೆದಿಟ್ಟಿದ್ದೇನೆ.

ದಿನ ಗೊತ್ತು ಮಾಡುವುದು

ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆ ಅಂಗೀಕಾರವಾದದ್ದು 1948ರ ಡಿಸೆಂಬರ್ 10ರಂದು. ಹಾಗಾಗಿ ಎಲ್ಲರಿಗೂ ಉತ್ಸವ ಅದೇ ವಾರ ಬೇಕು. ನಮ್ಮಲ್ಲಿ ಅದು ಅಡಿಕೆ ಕೊಯ್ಲಿನ ನಟ್ಟನಡುವೆ ಬರುತ್ತದೆ. ಕೊನೆ ಇಳಿಸಿ, ಸುಲಿದು, ಬೇಯಿಸುವ ಮನೆಯವರು ಹಗಲು ಮೂರು ಗಂಟೆಗೆ ರಂಗಮಂದಿರಕ್ಕೆ ಬಂದು ಕೂರುವುದಿಲ್ಲ. ಫೆಬ್ರವರಿ ಕೊನೆಗೆ ಇಟ್ಟುಕೊಳ್ಳಿ. ಘೋಷಣೆ ಏನೂ ಬೇಸರ ಮಾಡಿಕೊಳ್ಳುವುದಿಲ್ಲ. ಹಾಗೆ ಇಟ್ಟುಕೊಂಡರೆ ಮಳೆಗಾಲದಲ್ಲಿ ಮನೆಯಲ್ಲೇ ಕೂತು ನಿಯಮ ಬರೆಯಬಹುದು. ಸೆಪ್ಟೆಂಬರಿನಲ್ಲಿ ಚಿತ್ರಗಳಿಗೆ ಕರೆ, ನವೆಂಬರ್ ಮಧ್ಯಕ್ಕೆ ಗಡುವು, ಡಿಸೆಂಬರ್ ಮಧ್ಯದೊಳಗೆ ಆಯ್ಕೆ ಮುಗಿಸುವುದು.

ಎಷ್ಟು ಪ್ರಶಸ್ತಿ, ಯಾವುದಕ್ಕೆ

ಹೊಸಬರು ಹನ್ನೆರಡು ಪ್ರಶಸ್ತಿ ಇಟ್ಟುಕೊಳ್ಳುತ್ತಾರೆ. ಉತ್ತಮ ಛಾಯಾಗ್ರಹಣ, ಉತ್ತಮ ಸಂಕಲನ, ಉತ್ತಮ ಧ್ವನಿ, ಜೊತೆಗೆ ಪ್ರಾಯೋಜಕರ ತೀರಿಕೊಂಡ ತಂದೆಯ ಹೆಸರಲ್ಲಿ ಒಂದು. ಹದಿನೈದು ಚಿತ್ರಕ್ಕೆ ಹನ್ನೆರಡು ಪ್ರಶಸ್ತಿ ಎಂದರೆ ಅದು ಶಾಲೆಯ ವಾರ್ಷಿಕೋತ್ಸವ. ಮೂರು ಸಾಕು.

ಈ ಬಗೆಯ ಉತ್ಸವದ ನಿಜವಾದ ತೊಡಕು ಬೇರೆ ಇದೆ. ಚಿತ್ರ ಚೆನ್ನಾಗಿದೆ ಎಂದು ಕೊಡಬೇಕೋ, ವಿಷಯ ದೊಡ್ಡದು ಎಂದು ಕೊಡಬೇಕೋ? ಎರಡನ್ನೂ ಒಂದೇ ಪ್ರಶಸ್ತಿಗೆ ತುರುಕಿದರೆ, ಯಾರ ಚಿತ್ರದಲ್ಲಿ ಹೆಚ್ಚು ಜನ ಸತ್ತಿದ್ದಾರೆ ಎನ್ನುವ ಲೆಕ್ಕಕ್ಕೆ ಬಂದು ನಿಲ್ಲುತ್ತದೆ. ನಮ್ಮ ಕೋಣೆಯಲ್ಲಿ ಆಗಿದ್ದೂ ಅದೇ. ಮಲಗುಂಡಿಗೆ ಇಳಿದು ಸತ್ತವರ ಕುರಿತ ಚಿತ್ರದ ಎದುರು, ಮಂಗನ ಕಾಯಿಲೆಯ ಊರುಗಳಲ್ಲಿ ಉಣುಗಿನ ಎಣ್ಣೆ ಹಂಚುತ್ತ ನಡೆಯುವ ಆಶಾ ಕಾರ್ಯಕರ್ತೆಯರ ಚಿತ್ರ "ಸಣ್ಣ ವಿಷಯ" ಆಗಿಹೋಯಿತು. ಎರಡನೆಯದು ಸಿನಿಮಾ ಆಗಿ ಎಷ್ಟೋ ಗಟ್ಟಿಯಾಗಿತ್ತು. ದುಡಿಮೆಗೆ ಸಂಬಳ ಎನ್ನದೆ ಗೌರವಧನ ಎನ್ನುವ ಆ ಒಂದು ಮಾತನ್ನು ಹಿಡಿದು ನಲವತ್ತು ನಿಮಿಷ ಎಲ್ಲೂ ಜಾರದೆ ಕಟ್ಟಿದ ಚಿತ್ರ ಅದು. ಆದರೆ ಆ ಚಿತ್ರದಲ್ಲಿ ಯಾರೂ ಸತ್ತಿರಲಿಲ್ಲವಲ್ಲ!

ದೊಡ್ಡ ಉತ್ಸವಗಳು ಈ ಗಂಟನ್ನು ಎರಡು ಜ್ಯೂರಿ ಮಾಡಿ ಬಿಡಿಸಿಕೊಂಡಿವೆ. 1999ರಲ್ಲಿ ಶುರುವಾದ ಪ್ರಾಗ್ ನಗರದ ಒನ್ ವರ್ಲ್ಡ್ ಉತ್ಸವದಲ್ಲಿ ಮುಖ್ಯ ಜ್ಯೂರಿಯ ಜೊತೆಗೆ ವಾಟ್ಸ್ಲಾವ್ ಹಾವೆಲ್ ಹೆಸರಿನ ಇನ್ನೊಂದು ಜ್ಯೂರಿ ಇದೆ. ಅದರಲ್ಲಿ ಕೂರುವವರು ಹಕ್ಕುಗಳಿಗಾಗಿ ಹೋರಾಡುವವರು. ವಿದ್ಯಾರ್ಥಿಗಳ ಜ್ಯೂರಿಯೂ ಪ್ರತ್ಯೇಕ. ಹೇಗ್ ನಗರದ ಮೂವೀಸ್ ದಟ್ ಮ್ಯಾಟರ್ ಉತ್ಸವದಲ್ಲಿ ಕಾನೂನು, ನ್ಯಾಯದ ಚಿತ್ರಗಳಿಗೇ ಕ್ಯಾಮೆರಾ ಜಸ್ಟಿಷಿಯಾ ಎಂಬ ಬೇರೆ ಸ್ಪರ್ಧೆ ಉಂಟು. ನಮ್ಮಂಥವರಿಗೆ ಅಷ್ಟು ಜನರನ್ನು ಸಾಕುವುದು ಆಗದ ಮಾತು. ಒಂದೇ ಜ್ಯೂರಿ ಇರಲಿ, ಪ್ರಶಸ್ತಿ ಮಾತ್ರ ಎರಡಾಗಲಿ. ಒಂದು ಚಿತ್ರಕ್ಕೆ, ಸಿನಿಮಾ ಆಗಿ. ಇನ್ನೊಂದು, ಹಕ್ಕಿನ ಪ್ರಶ್ನೆಯೊಂದನ್ನು ನಾವು ಇದುವರೆಗೆ ಕಾಣದ ಕಡೆಯಿಂದ ತೋರಿಸಿದ್ದಕ್ಕೆ. ಮೂರನೆಯದನ್ನು ಕಾಲೇಜು ಹುಡುಗ ಹುಡುಗಿಯರ ಕೈಗೆ ಕೊಟ್ಟು ನೀವು ದೂರ ಇರಿ.

ನಿಯಮಾವಳಿ: ಎರಡು ಪುಟ, ಅದಕ್ಕಿಂತ ಹೆಚ್ಚು ಬೇಡ

ಚಿತ್ರದ ಅವಧಿ, ತಯಾರಾದ ವರ್ಷ, ಭಾಷೆ, ಸಬ್‌ಟೈಟಲ್ ಎಲ್ಲ ಮಾಮೂಲು, ಬರೆದುಕೊಳ್ಳಿ. ಜಗಳ ಬರುವುದು ಬರೆಯದೆ ಬಿಟ್ಟ ಕಡೆ.

ಆಯ್ಕೆ ಸಮಿತಿ ಒಪ್ಪಿದ ಚಿತ್ರವನ್ನು ಜ್ಯೂರಿ ಸ್ಪರ್ಧೆಯಿಂದ ತೆಗೆಯುವಂತಿಲ್ಲ ಎಂದು ಬರೆಯಿರಿ. 1970ರ ಬರ್ಲಿನ್ ಚಿತ್ರೋತ್ಸವದಲ್ಲಿ ವಿಯೆಟ್ನಾಂ ಯುದ್ಧವನ್ನು ಎತ್ತಿಕೊಂಡ ಜರ್ಮನ್ ಚಿತ್ರವೊಂದರ ವಿಚಾರಕ್ಕೆ ಜ್ಯೂರಿಯೇ ಒಡೆದುಹೋಯಿತು. ಆಗ ಅಧ್ಯಕ್ಷರಾಗಿದ್ದವರು ಅಮೆರಿಕದ ನಿರ್ದೇಶಕ ಜಾರ್ಜ್ ಸ್ಟೀವನ್ಸ್. ಕೊನೆಗೆ ಜ್ಯೂರಿ ರಾಜೀನಾಮೆ ಕೊಟ್ಟು, ಆ ವರ್ಷ ಬಹುಮಾನವನ್ನೇ ಕೊಡಲಿಲ್ಲ. ಬರ್ಲಿನ್ನಿಗೆ ಅದನ್ನು ತಡೆದುಕೊಳ್ಳುವ ಶಕ್ತಿ ಇತ್ತು. ನಮ್ಮ ಉತ್ಸವ ಮಾರನೇ ವರ್ಷ ಏಳುವುದೇ ಇಲ್ಲ.

ಪ್ರಶಸ್ತಿಯನ್ನು ಇಬ್ಬರಿಗೆ ಹಂಚಬಹುದೇ? ಯಾರೂ ಅರ್ಹರಲ್ಲ ಎನಿಸಿದರೆ ತಡೆಹಿಡಿಯಬಹುದೇ? ವಿಶೇಷ ಉಲ್ಲೇಖ, ಅಂದರೆ ಬಹುಮಾನವಿಲ್ಲದ ಮೆಚ್ಚುಗೆ, ಎಷ್ಟು? ನಮ್ಮ ಉತ್ತರ: ಹಂಚುವಂತಿಲ್ಲ, ತಡೆಹಿಡಿಯಬಹುದು, ವಿಶೇಷ ಉಲ್ಲೇಖ ಒಂದೇ. ಹಂಚಲು ಬಿಟ್ಟರೆ ಜ್ಯೂರಿ ಹಂಚಿಯೇ ಹಂಚುತ್ತದೆ. ರಾತ್ರಿ ಹತ್ತು ಗಂಟೆ ಆಗಿರುತ್ತದೆ, ಎಲ್ಲರಿಗೂ ಹಸಿವಾಗಿರುತ್ತದೆ.

ಇನ್ನೊಂದು, ಸರ್ಕಾರದ ಅನುಮತಿ. ಸೆನ್ಸಾರ್ ಪತ್ರ ಇಲ್ಲದ ಚಿತ್ರಗಳನ್ನು ಉತ್ಸವದಲ್ಲಿ ತೋರಿಸಬೇಕಾದರೆ 1952ರ ಸಿನಿಮಾಟೋಗ್ರಾಫ್ ಕಾಯ್ದೆಯಡಿ ಕೇಂದ್ರದ ವಾರ್ತಾ ಮತ್ತು ಪ್ರಸಾರ ಸಚಿವಾಲಯದಿಂದ ವಿನಾಯಿತಿ ಪಡೆಯಬೇಕು. 2017ರಲ್ಲಿ ಕೇರಳದ ಅಂತರರಾಷ್ಟ್ರೀಯ ಸಾಕ್ಷ್ಯಚಿತ್ರ ಮತ್ತು ಕಿರುಚಿತ್ರೋತ್ಸವದಲ್ಲಿ ಮೂರು ಚಿತ್ರಗಳಿಗೆ ಇದು ಸಿಗಲಿಲ್ಲ. ಆಯ್ಕೆಯಾದ ಚಿತ್ರಕ್ಕೆ ವಿನಾಯಿತಿ ಸಿಗದಿದ್ದರೆ ಅದು ಸ್ಪರ್ಧೆಯಲ್ಲಿ ಉಳಿಯುತ್ತದೋ ಇಲ್ಲವೋ ಎನ್ನುವುದು ಆ ಪತ್ರ ಕೈಗೆ ಬಂದ ದಿನ ಚರ್ಚಿಸುವ ಸಂಗತಿ ಅಲ್ಲ. ಮೊದಲೇ ಬರೆದಿರಬೇಕು, ಚಿತ್ರ ಕಳಿಸುವವರೂ ಅದನ್ನು ಓದಿರಬೇಕು.

ಆಯ್ಕೆ ಸಮಿತಿಯವರ ಹೆಸರನ್ನು ಬಹಿರಂಗವಾಗಿ ಹಾಕಿ. 2004ರ ಮುಂಬೈ ಅಂತರರಾಷ್ಟ್ರೀಯ ಚಿತ್ರೋತ್ಸವವು ಭಾರತೀಯ ಚಿತ್ರಗಳಿಗೆ ಸೆನ್ಸಾರ್ ಪತ್ರ ಕೇಳಿ, ಪ್ರತಿಭಟನೆ ಎದ್ದ ಮೇಲೆ ಅದನ್ನು ಕೈಬಿಟ್ಟಿತು. ಆದರೆ ರಾಜಕೀಯ ವಿಷಯದ ಚಿತ್ರಗಳು ಆಯ್ಕೆಯಲ್ಲೇ ಬಿದ್ದುಹೋದವು ಎಂಬ ದೂರು ಉಳಿದು, ನಿರ್ದೇಶಕರು ಪಕ್ಕದಲ್ಲೇ ವಿಕಲ್ಪ ಎಂಬ ಪರ್ಯಾಯ ಉತ್ಸವ ನಡೆಸಿದರು. ಯಾರು ಜರಡಿ ಹಿಡಿದರು ಎನ್ನುವುದು ಗೊತ್ತಿದ್ದರೆ ಅರ್ಧ ಅನುಮಾನ ಅಲ್ಲೇ ಕರಗುತ್ತದೆ.

ಜ್ಯೂರಿಗಿಂತ ಮುಂಚೆ ಇನ್ನೊಂದು ಜರಡಿ

ಇದನ್ನು ನಿಧಾನವಾಗಿ ಓದಿ. ಪ್ರಶಸ್ತಿ ಬಂದರೆ ನಿರ್ದೇಶಕರಿಗೆ ಹೆಸರು. ಚಿತ್ರದಲ್ಲಿ ಕಾಣಿಸಿಕೊಂಡವರಿಗೆ ಏನು?

ನಮಗೊಂದು ಕಿರುಚಿತ್ರ ಬಂದಿತ್ತು. ಕಾಡಂಚಿನ ಒಂದು ಮನೆ, ಒಕ್ಕಲೆಬ್ಬಿಸುವ ಭಯ, ಮುದುಕರೊಬ್ಬರ ಮಾತು. ತುಂಬ ಚೆಂದದ ದೃಶ್ಯ: ಬೆಳಗಿನ ಮಂಜು, ಗದ್ದೆಯ ಅಂಚಿನಲ್ಲಿ ನಿಂತ ಅಜ್ಜ ಕೈ ಚಾಚಿ "ಇದೆಲ್ಲ ಕಾಡಿತ್ತು ಮಾರಾಯ, ತೊಂಬತ್ತನೇ ಇಸವಿ ಸುಮಾರಿಗೆ ನಾವೇ ಕಡಿದು ಮಾಡಿದ್ದು" ಎನ್ನುತ್ತಾರೆ. ಸಮಿತಿಯಲ್ಲಿದ್ದ ವಕೀಲರು ಅಲ್ಲೇ ನಿಲ್ಲಿಸಿ ಎಂದರು. 2006ರ ಅರಣ್ಯ ಹಕ್ಕು ಕಾಯ್ದೆಯಡಿ ಬುಡಕಟ್ಟಿನವರಲ್ಲದವರು ಹಕ್ಕು ಕೇಳಬೇಕಾದರೆ 2005ರ ಡಿಸೆಂಬರ್ 13ಕ್ಕೆ ಹಿಂದಿನ ಮೂರು ತಲೆಮಾರು, ಅಂದರೆ 75 ವರ್ಷ, ಕಾಡನ್ನು ನಂಬಿ ಅಲ್ಲೇ ಬದುಕಿದ್ದನ್ನು ತೋರಿಸಬೇಕು. ಅಜ್ಜನ ಮನೆಯವರ ಅರ್ಜಿ ಆಗ ವಿಚಾರಣೆಯಲ್ಲಿತ್ತು. ಅಜ್ಜ ಹೇಳಿದ್ದು ಆ ಒಂದು ತುಂಡು ಗದ್ದೆಯ ಮಾತು, ಮನೆ ಅದಕ್ಕಿಂತ ಎಷ್ಟೋ ಹಳೆಯದು. ಆದರೆ ಪ್ರಶಸ್ತಿ ಬಂದು, ಚಿತ್ರ ಎಲ್ಲೆಡೆ ಓಡಾಡಿ, ಎದುರಿನವರ ಕೈಗೆ ಆ ಹತ್ತು ಸೆಕೆಂಡು ಸಿಕ್ಕಿದ್ದರೆ? ನಿರ್ದೇಶಕನಿಗೆ ಫೋನ್ ಮಾಡಿದೆವು. ಪಾಪ, ಅವನಿಗೆ ಹೊಳೆದೇ ಇರಲಿಲ್ಲ. ಮನೆಯವರನ್ನು ಕೇಳಿ ಆ ಮಾತು ತೆಗೆದು ಮತ್ತೆ ಕಳಿಸಿದ. ಚಿತ್ರಕ್ಕೇನೂ ಕೊರತೆಯಾಗಲಿಲ್ಲ.

ಹಾಗಾಗಿ ಆಯ್ಕೆಯಾದ ಪ್ರತಿ ಚಿತ್ರದ ನಿರ್ದೇಶಕರಿಗೆ ನಾಲ್ಕು ಪ್ರಶ್ನೆ ಕಳಿಸಿ, ಬರಹದಲ್ಲಿ ಉತ್ತರ ತರಿಸಿಕೊಳ್ಳಿ. ಮುಖ್ಯವಾಗಿ ಕಾಣಿಸಿಕೊಂಡವರು ಪೂರ್ತಿ ಚಿತ್ರ ನೋಡಿದ್ದಾರೆಯೇ? ಅವರ ಮೇಲೆ ಅಥವಾ ಅವರ ಪರವಾಗಿ ಕೇಸು ನಡೆಯುತ್ತಿದೆಯೇ? ಮಕ್ಕಳು ಅಥವಾ ಲೈಂಗಿಕ ದೌರ್ಜನ್ಯಕ್ಕೆ ಒಳಗಾದವರ ಗುರುತು ಸಿಗುವ ದೃಶ್ಯ ಇದೆಯೇ? ಚಿತ್ರಕ್ಕೆ ಪ್ರಶಸ್ತಿ ಬಂದು ಪತ್ರಿಕೆಯಲ್ಲಿ ಸುದ್ದಿಯಾದರೆ ಅವರಿಗೆ ಒಪ್ಪಿಗೆಯೇ? ಮೂರನೆಯದು ಕಾನೂನಿನ ಮಾತೂ ಹೌದು. ಭಾರತೀಯ ನ್ಯಾಯ ಸಂಹಿತೆಯ 72ನೇ ಕಲಂ ಅತ್ಯಾಚಾರಕ್ಕೆ ಒಳಗಾದವರ ಗುರುತನ್ನು ಬಯಲು ಮಾಡುವುದನ್ನು ಶಿಕ್ಷಾರ್ಹ ಅಪರಾಧ ಮಾಡಿದೆ, ಮಕ್ಕಳ ವಿಷಯಕ್ಕೆ ಪೋಕ್ಸೋ ಕಾಯ್ದೆಯ 23ನೇ ಕಲಂ ಇದೆ. ಮುಖ ಮಸುಕು ಮಾಡಿ, ಮನೆ ಬಾಗಿಲು ಮತ್ತು ಊರ ಬೋರ್ಡನ್ನು ಸ್ಪಷ್ಟವಾಗಿ ತೋರಿಸಿದ ಚಿತ್ರಗಳು ಬರುತ್ತವೆ. ಕಣ್ಣಿಟ್ಟು ನೋಡಿ.

ಜ್ಯೂರಿಗೆ ಯಾರು

ಐದು ಜನ, ಜೊತೆಗೆ ಒಬ್ಬರು ಮೀಸಲು. ಒಬ್ಬರಿಗೆ ಸಿನಿಮಾ ಕಟ್ಟುವ ಕೆಲಸ ಕೈಯಾರೆ ಗೊತ್ತಿರಬೇಕು. ಸಂಕಲನಕಾರರು ಸಿಕ್ಕರೆ ಒಳ್ಳೆಯದು, ಎಲ್ಲಿ ಮೋಸವಾಗಿದೆ ಎನ್ನುವುದು ಅವರ ಕಣ್ಣಿಗೆ ಬೇಗ ಬೀಳುತ್ತದೆ. ಒಬ್ಬರು ಕೋರ್ಟು ಕಚೇರಿ ಬಲ್ಲವರು. ಒಬ್ಬರು ಜಿಲ್ಲೆಯ ಹೊರಗಿನವರು. ಹೆಂಗಸರು ಇಬ್ಬರಿಗೆ ಕಡಿಮೆ ಬೇಡ, ಮೂವರಾದರೆ ಯಾರ ಗಂಟೂ ಹೋಗುವುದಿಲ್ಲ. ಇನ್ನೊಬ್ಬರು ಚಿತ್ರ ನೋಡಿ ಪಳಗಿದವರು. ಅಂಥವರು ನಮ್ಮಲ್ಲಿ ಸಿಗುವುದಿಲ್ಲ ಎನ್ನಬೇಡಿ. ಹೆಗ್ಗೋಡಿನ ನೀನಾಸಂ 1973ರಲ್ಲೇ ಚಿತ್ರಸಮಾಜ ಕಟ್ಟಿತ್ತು, ಆಮೇಲೆ ರಸಗ್ರಹಣ ಶಿಬಿರಗಳೂ ನಡೆದವು. ತೋಟಕ್ಕೆ ಬೋರ್ಡೋ ದ್ರಾವಣ ಹೊಡೆಸುತ್ತಲೇ ಜಪಾನಿನ ಚಿತ್ರದ ಶಾಟ್ ಬಗ್ಗೆ ಮಾತಾಡುವ ಹಿರಿಯರು ಈ ಕಡೆ ಇನ್ನೂ ಇದ್ದಾರೆ.

ಐದನೆಯವರನ್ನು ಮಾತ್ರ ಹುಡುಕಿಯೇ ತರಬೇಕು. ಹಕ್ಕು ಕಳೆದುಕೊಳ್ಳುವುದು ಏನು ಎಂಬುದನ್ನು ಪುಸ್ತಕದಿಂದ ತಿಳಿಯದವರು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಎದ್ದಾಗ ಮನೆ, ಗದ್ದೆ ಮುಳುಗಿ ಎದ್ದುಬಂದ ಕುಟುಂಬಗಳಲ್ಲಿ ಇವತ್ತಿಗೂ ಹಕ್ಕುಪತ್ರಕ್ಕೆ ಅಲೆಯುವವರಿದ್ದಾರೆ. ಅಂಥ ಮನೆಯ ಒಬ್ಬ ಹೆಣ್ಣುಮಗಳು ಎರಡನೇ ವರ್ಷ ನಮ್ಮ ಜ್ಯೂರಿಯಲ್ಲಿದ್ದರು. ಪರದೇಶದ ಅಣೆಕಟ್ಟಿನ ಚಿತ್ರವೊಂದನ್ನು ಉಳಿದ ನಾಲ್ವರೂ ಹೊಗಳುತ್ತಿದ್ದಾಗ ಇವರು ಕೇಳಿದ್ದು ಒಂದೇ: "ಎದ್ದು ಹೋಗುವಾಗ ದನ ಏನು ಮಾಡಿದ್ರು ಅಂತ ಇಡೀ ಚಿತ್ರದಲ್ಲಿ ಒಂದು ಸಲನೂ ಕೇಳ್ಲಿಲ್ಲ ಅಲ್ವ?" ಕೋಣೆ ಗಪ್‌ಚಿಪ್. ಚಿತ್ರ ತೆಗೆದವನು ಅಲ್ಲಿ ಎಷ್ಟು ದಿನ ಉಳಿದಿದ್ದ ಎನ್ನುವುದು ಆ ಒಂದು ಪ್ರಶ್ನೆಯಲ್ಲಿ ಬಯಲಾಗಿತ್ತು. (ಶರಾವತಿ ಹಿನ್ನೀರಿನ ಆಚೆಯ ತುಮರಿ ಕಡೆಯವರನ್ನು ಕರೆಯುವುದು ಈಗ ಸುಲಭ. 2025ರ ಜುಲೈನಲ್ಲಿ ಸೇತುವೆ ಆಯಿತು. ಮೊದಲಾದರೆ ಸಂಜೆ ಲಾಂಚ್ ನಿಂತಿತೆಂದರೆ ಅವರ ಚರ್ಚೆಯೂ ನಿಂತ ಹಾಗೆ.)

ಐವರಿಗೂ ಒಂದೇ ಮೊತ್ತದ ಸಂಭಾವನೆ ಕೊಡಿ. ಬೆಂಗಳೂರಿನವರಿಗೆ ಹೋಟೆಲ್, ಊರಿನವರಿಗೆ ಬಸ್ ಚಾರ್ಜ್ ಎನ್ನುವ ಭೇದ ಮಾಡಿದರೆ ಮಾತಿನ ತೂಕವೂ ಹಾಗೇ ಹಂಚಿಹೋಗುತ್ತದೆ. ಆ ದಿನದ ಕೂಲಿ ಬಿಟ್ಟು ಬರುವವರಿದ್ದರೆ ಸಂಭಾವನೆ ಮುಂಗಡವಾಗಿ ಕೊಡಿ.

ಸಂಬಂಧದ ಮಾತು. ಮಲೆನಾಡಿನಲ್ಲಿ ಕೆದಕುತ್ತ ಹೋದರೆ ಎಲ್ಲರೂ ಎಲ್ಲರಿಗೂ ನೆಂಟರೇ. ಅದನ್ನೇ ಲೆಕ್ಕಕ್ಕಿಟ್ಟರೆ ಜ್ಯೂರಿಯೇ ಆಗುವುದಿಲ್ಲ. ಹತ್ತಿರದ ರಕ್ತಸಂಬಂಧ, ಚಿತ್ರಕ್ಕೆ ದುಡಿದದ್ದು ಅಥವಾ ದುಡ್ಡು ಹಾಕಿದ್ದು, ನಿರ್ದೇಶಕರಿಗೆ ಪಾಠ ಹೇಳಿದ್ದು, ಅದೇ ಹೋರಾಟದ ಸಮಿತಿಯಲ್ಲಿರುವುದು, ಈ ನಾಲ್ಕನ್ನು ಒಂದು ಹಾಳೆಯಲ್ಲಿ ಕೇಳಿ ಸಹಿ ಹಾಕಿಸಿಕೊಳ್ಳಿ. ಇದ್ದರೆ ಆ ಪ್ರಶಸ್ತಿಯ ಮಟ್ಟಿಗೆ ಅವರ ಜಾಗಕ್ಕೆ ಮೀಸಲು ಸದಸ್ಯರು ಬರಲಿ. ಕೊನೆಯದನ್ನು ಜನ ಮರೆಯುತ್ತಾರೆ. ಹೋರಾಟಗಾರರು ತಮ್ಮ ಹೋರಾಟದ ಚಿತ್ರಕ್ಕೆ ತಾವೇ ತೀರ್ಪು ಕೊಡಲು ಕೂತುಬಿಡುತ್ತಾರೆ, ಪೂರ್ತಿ ಪ್ರಾಮಾಣಿಕವಾಗಿ.

ನೋಡುವುದು

ಮನೆಗೆ ಲಿಂಕ್ ಕಳಿಸಿ ಕೈತೊಳೆದುಕೊಳ್ಳಬೇಡಿ. ನಮ್ಮ ಕಡೆಯ ನೆಟ್‌ವರ್ಕ್‌ನಲ್ಲಿ ಎಪ್ಪತ್ತು ನಿಮಿಷದ ಚಿತ್ರ ಮೂರು ದಿನ ಓಡುತ್ತದೆ. ಎಲ್ಲರೂ ಒಟ್ಟಿಗೆ, ದೊಡ್ಡ ಪರದೆಯಲ್ಲಿ, ಪ್ರೇಕ್ಷಕರ ನಡುವೆಯೇ ನೋಡಲಿ. ದಿನಕ್ಕೆ ನಾಲ್ಕು ಗಂಟೆ ಮೀರದಿರಲಿ. ಹಿಂಸೆಯ ಚಿತ್ರಗಳನ್ನು ಸಾಲಾಗಿ ಇಟ್ಟರೆ ಮೂರನೆಯದಕ್ಕೆ ಮನಸ್ಸು ಮರಗಟ್ಟಿರುತ್ತದೆ, ಅದಕ್ಕೆ ನ್ಯಾಯ ಸಿಗುವುದಿಲ್ಲ. ಜನರೇಟರಿಗೆ ಡೀಸೆಲ್ ಹಾಕಿಸಿದ್ದೀರಾ ಎಂದು ಬೆಳಿಗ್ಗೆಯೇ ನೋಡಿಕೊಳ್ಳಿ. ಕರೆಂಟು ಹೋಗಿ ಅರ್ಧಕ್ಕೆ ನಿಂತ ಚಿತ್ರವನ್ನು ಜ್ಯೂರಿಗೆ ಮತ್ತೆ ಮೊದಲಿಂದ ತೋರಿಸಿ.

ಸಬ್‌ಟೈಟಲ್ ವಿಷಯದಲ್ಲಿ ನಾವು ದೊಡ್ಡ ತಪ್ಪು ಮಾಡಿದ್ದೆವು. ಸಂತಾಲಿ, ಮಲಯಾಳಂ, ಮರಾಠಿ ಚಿತ್ರಗಳೆಲ್ಲ ಇಂಗ್ಲಿಷ್ ಅಕ್ಷರ ಹೊತ್ತು ಬರುತ್ತವೆ. ಆ ಐದನೆಯವರು ಮೊದಲ ದಿನ ಏನೂ ಹೇಳದೆ ಕೂತಿದ್ದರು. ಸಂಜೆ ಕಾಫಿ ಕುಡಿಯುವಾಗ ಗೊತ್ತಾಯಿತು, ಅವರಿಗೆ ಅದನ್ನು ಓದಲು ಬರುವುದಿಲ್ಲ. ಹಕ್ಕಿನ ಉತ್ಸವಕ್ಕೆ ಕರೆದು ಅಕ್ಷರದ ಹೊರಗೆ ಕೂರಿಸಿದ್ದೆವು. ಈಗ ಆಯ್ಕೆಯಾದ ಪ್ರತಿ ಚಿತ್ರದ ಸಂಭಾಷಣೆಯ ಕಡತವನ್ನು ಒಂದು ತಿಂಗಳು ಮೊದಲೇ ತರಿಸಿಕೊಂಡು ಕನ್ನಡ ಸಬ್‌ಟೈಟಲ್ ಮಾಡಿಸುತ್ತೇವೆ. ವಿದ್ಯಾರ್ಥಿಗಳು ಮಾಡುತ್ತಾರೆ, ಹಿರಿಯರೊಬ್ಬರು ತಿದ್ದುತ್ತಾರೆ. ಪ್ರೇಕ್ಷಕರೂ ಹೆಚ್ಚಾದರು ಎನ್ನುವುದು ಬೋನಸ್.

ಕೋಣೆಯೊಳಗೆ

ಫೋನುಗಳು ಹೊರಗೆ. ಮಾತು ಶುರುವಾಗುವ ಮೊದಲು ಹತ್ತು ನಿಮಿಷ ಪ್ರತಿಯೊಬ್ಬರೂ ಸುಮ್ಮನೆ ಬರೆಯಲಿ: ತಮ್ಮ ಮೂರು ಚಿತ್ರ, ಪ್ರತಿಯೊಂದಕ್ಕೆ ಒಂದು ಸಾಲು ಕಾರಣ. ಆಮೇಲೆ ಓದುವಾಗ ಎಲ್ಲರಿಗಿಂತ ಕಿರಿಯರಿಂದ ಆರಂಭಿಸಿ. ಹಿರಿಯರು ಮೊದಲು ಬಾಯಿ ತೆರೆದರೆ ನಮ್ಮಲ್ಲಿ ಉಳಿದವರು "ನಂದೂ ಅದೇ ಸಾರ್" ಎಂದುಬಿಡುತ್ತಾರೆ.

ಹತ್ತಕ್ಕೆ ಇಷ್ಟು ಎಂದು ಅಂಕ ಹಾಕಿಸಬೇಡಿ. ಯಾಕೆಂದರೆ, ಎರಡು ಚಿತ್ರ, ಐದು ಜನ ಎಂದಿಟ್ಟುಕೊಳ್ಳಿ. ಮೊದಲ ಚಿತ್ರಕ್ಕೆ 8, 8, 7, 8, 3 ಬಂತು, ಒಟ್ಟು 34. ಎರಡನೆಯದಕ್ಕೆ 7, 7, 6, 7, 9, ಒಟ್ಟು 36. ಐವರಲ್ಲಿ ನಾಲ್ವರಿಗೆ ಮೊದಲನೆಯದೇ ಮೇಲು, ಗೆದ್ದದ್ದು ಎರಡನೆಯದು. ಕೈ ಬಿಗಿಯವರ ನಡುವೆ ಒಬ್ಬರು 3 ಮತ್ತು 9 ಹಾಕಿದರೆ ಇಡೀ ಜ್ಯೂರಿ ಅವರೊಬ್ಬರದ್ದೇ ಆಗುತ್ತದೆ. ಅದು ದೊಡ್ಡ ಕೊಳಗ. ಅದರ ಬದಲು ಸ್ಥಾನ ಕೊಡಿಸಿ: ಮೊದಲು, ಎರಡನೆಯದು, ಮೂರನೆಯದು. ಮೂರಕ್ಕೆ ಇಳಿದ ಮೇಲೆ ಎರಡೆರಡನ್ನೇ ಎದುರುಬದುರು ಇಟ್ಟು ಕೈ ಎತ್ತಿಸಿ. ಎರಡನ್ನೂ ಸೋಲಿಸಿದ ಚಿತ್ರಕ್ಕೆ ಪ್ರಶಸ್ತಿ. ಅಪರೂಪಕ್ಕೆ ಒಂದನ್ನೊಂದು ಸೋಲಿಸಿಕೊಳ್ಳುತ್ತ ಸುತ್ತಿ ಬರುವುದುಂಟು, ಆಗ ಊಟ ಮುಗಿಸಿ ಬಂದು ಮತ್ತೆ ಮಾತಾಡಿ, ಇನ್ನೊಮ್ಮೆ ಎತ್ತಿಸಿ.

ಅಧ್ಯಕ್ಷರ ಕೆಲಸ ಗೆಲ್ಲುವುದಲ್ಲ, ಎಲ್ಲರಿಂದ ಮಾತು ಹೊರಡಿಸುವುದು. ಯಾರಾದರೂ "ಪಾಪ, ಎಷ್ಟು ಕಷ್ಟದ ಬದುಕು" ಎಂದ ಕೂಡಲೇ ಅವರು ಕೇಳಬೇಕು: "ಸರಿ, ಅದನ್ನು ಚಿತ್ರ ಹೇಗೆ ತೋರಿಸಿತು?" ನೋವಿಗೆ ಅಂಕ ಬೀಳದಂತೆ ತಡೆಯುವುದಕ್ಕೆ ಇದಕ್ಕಿಂತ ಒಳ್ಳೆಯ ಉಪಾಯ ನನಗೆ ಸಿಕ್ಕಿಲ್ಲ. ಸಂಘಟಕರಲ್ಲಿ ಒಬ್ಬರು ಮಾತ್ರ ಒಳಗಿರಲಿ, ನಡಾವಳಿ ಬರೆಯಲು. ಅವರಿಗೆ ನಿಯಮ ಓದಿ ಹೇಳುವ ಹಕ್ಕಿದೆ, ಅಭಿಪ್ರಾಯದ ಹಕ್ಕಿಲ್ಲ. ಆ ಕೆಲಸ ನನಗೆ ಎರಡು ಸಲ ಬಿದ್ದಿದೆ, ನಾಲಿಗೆ ಕಚ್ಚಿಕೊಂಡು ಕೂರುವುದು ಅಭ್ಯಾಸವಾಗುತ್ತದೆ.

ಪ್ರಶಸ್ತಿ ಯಾಕೆ ಎಂದು ಹೇಳುವ ಸಾಲನ್ನು ಆ ರಾತ್ರಿಯೇ, ಅದೇ ಕೋಣೆಯಲ್ಲಿ ಬರೆಸಿ. ಬೆಳಿಗ್ಗೆ ಎಂದರೆ ಸಂಘಟಕರೇ ಬರೆಯಬೇಕಾಗುತ್ತದೆ, ಆಗ "ಹೃದಯ ಕಲಕುವ ಈ ಚಿತ್ರ ಶೋಷಿತರ ದನಿಯಾಗಿದೆ" ಎಂಬ ಸಾಲು ಬರುತ್ತದೆ. ಅದು ಯಾವ ಚಿತ್ರಕ್ಕೂ ಹೊಂದುತ್ತದೆ. ನಮ್ಮ ಜ್ಯೂರಿ ಒಮ್ಮೆ ಬರೆದದ್ದು ಹೀಗಿತ್ತು: "ಕಲ್ಲುಕ್ವಾರಿಯ ಸದ್ದನ್ನು ಎಲ್ಲೂ ತಗ್ಗಿಸದೆ, ಆ ಸದ್ದಿನ ನಡುವೆಯೇ ಮಕ್ಕಳು ಮಗ್ಗಿ ಹೇಳುವುದನ್ನು ಕದಲದೆ ನಿಂತು ತೋರಿಸಿದ್ದಕ್ಕೆ." ಚಿತ್ರ ನೋಡದವರಿಗೂ ಯಾಕೆ ಕೊಟ್ಟರು ಎಂದು ತಿಳಿಯುತ್ತದೆ.

ವೇದಿಕೆ

ಚುಟುಕಾಗಿರಲಿ. ಶಾಲು, ಹಾರ, ಹಣ್ಣಿನ ಬುಟ್ಟಿ ಎಂದು ಶುರುವಾದರೆ ಮುಗಿಯುವುದಿಲ್ಲ. ಹಿತ್ತಾಳೆ ಫಲಕದ ಬದಲು ನಾವು ಹಸೆ ಚಿತ್ತಾರ ಬರೆಸುತ್ತೇವೆ. ಬರೆದ ದೀವರ ಸಮುದಾಯದ ಹೆಂಗಸಿಗೆ ಕೇಳಿದ ಹಣ ಕೊಟ್ಟು, ಹಿಂಬದಿಯಲ್ಲಿ ಅವರ ಹೆಸರು ಹಾಕಿಸುತ್ತೇವೆ. ಸಾಗರದ ಗುಡಿಗಾರರ ಕೆತ್ತನೆಯೂ ಆದೀತು, ಖರ್ಚು ಜಾಸ್ತಿ. ಬಹುಮಾನ ಕೊಡಲು ಅಧಿಕಾರದಲ್ಲಿರುವವರನ್ನು ಕರೆಯಬೇಡಿ. ಮುಂದಿನ ವರ್ಷದ ಚಿತ್ರ ಅವರ ಇಲಾಖೆಯ ಮೇಲೆಯೇ ಇರಬಹುದು.

ಚಿತ್ರದಲ್ಲಿದ್ದವರನ್ನು ವೇದಿಕೆಗೆ ಹತ್ತಿಸುವ ಮೊದಲು ಅವರನ್ನೇ ಕೇಳಿ, ಹಿಂದಿನ ದಿನ, ಒಬ್ಬರೇ ಇರುವಾಗ. ನಿರ್ದೇಶಕರ ಎದುರು ಕೇಳಿದರೆ ಬೇಡ ಎನ್ನಲು ದಾಕ್ಷಿಣ್ಯ. ಒಬ್ಬರು ಬರುವುದಿಲ್ಲ ಎಂದರು. ಕಾರಣ ಕೇಳಿದ್ದಕ್ಕೆ, "ಅಲ್ಲಿ ಅಳಬೇಕಾಗ್ತದಲ್ಲ" ಎಂದರು. ಅವರು ಕೊನೇ ಸಾಲಿನಲ್ಲಿ ಕೂತು ಚಪ್ಪಾಳೆ ತಟ್ಟಿದರು.

ಆಮೇಲೆ

ನಗದು ಬಹುಮಾನ ಅದೇ ವಾರ ಖಾತೆಗೆ ಹೋಗಲಿ. ಘೋಷಿಸಿ ವರ್ಷ ಕಾಯಿಸಿದ ಉತ್ಸವವೊಂದನ್ನು ನನ್ನ ಗೆಳೆಯನೊಬ್ಬ ಇವತ್ತಿಗೂ ಬೈಯುತ್ತಾನೆ. ತೆರಿಗೆ ಕಡಿತದ ವಿಚಾರವನ್ನು ಆಡಿಟರ್ ಹತ್ತಿರ ಮೊದಲೇ ಕೇಳಿಕೊಂಡಿರಿ. ಪ್ರಶಸ್ತಿ ಬಾರದವರಿಗೂ ಪತ್ರ ಬರೆಯಿರಿ, ಜ್ಯೂರಿಯ ನಡಾವಳಿಯಿಂದ ಅವರ ಚಿತ್ರದ ಬಗ್ಗೆ ಬಂದ ಒಂದು ಒಳ್ಳೆಯ ಮಾತು, ಒಂದು ತಕರಾರು ಸೇರಿಸಿ, ಯಾರು ಹೇಳಿದರು ಎನ್ನದೆ.

ಕಲ್ಲುಕ್ವಾರಿಯ ಚಿತ್ರವನ್ನು ಮಾರ್ಚಿನಲ್ಲಿ ಅದೇ ಊರಿಗೆ ಒಯ್ದೆವು. ಶಾಲೆಯ ಗೋಡೆಗೆ ಬಿಳಿ ಪಂಚೆ ಕಟ್ಟಿ ತೋರಿಸಿದೆವು. ಮಗ್ಗಿ ಹೇಳುವ ದೃಶ್ಯ ಬಂದಾಗ ಎದುರು ಕೂತ ಮಕ್ಕಳೂ ಜೊತೆಗೆ ಹೇಳಲು ಶುರುಮಾಡಿದರು. ಹದಿಮೂರರ ಮಗ್ಗಿಯಲ್ಲಿ ಪರದೆಯ ಮೇಲಿನ ಹುಡುಗ ತಪ್ಪುತ್ತಾನೆ. ಆ ಹುಡುಗ ಅಲ್ಲೇ ಮುಂದಿನ ಸಾಲಿನಲ್ಲಿದ್ದ. ಎದ್ದು ನಿಂತು, "ಈಗ ಬರ್ತದೆ" ಅಂದ.